ಇಳಿವಯಸ್ಸಿನಲ್ಲಿ ಗೆದ್ದ ಕಿರೀಟ: ಶುಗರ್ ರೇ ರಾಬಿನ್ಸನ್

ಮುಷ್ಟಿಯುದ್ಧದ ಕಣದಲ್ಲಿ ಮೂವತ್ತೈದು ದಾಟಿದವನನ್ನು ವೃದ್ಧನೆಂದೇ ಎಣಿಸುವುದು ವಾಡಿಕೆ. ಅನ್ಯ ವೃತ್ತಿಗಳಲ್ಲಿ ಆ ವಯಸ್ಸಿಗೆ ಬದುಕು ಆಗತಾನೆ ನೆಲೆ ಕಂಡುಕೊಳ್ಳುತ್ತಿರುತ್ತದೆ. ಮುಷ್ಟಿಪಟುವಿಗಾದರೋ ಕಾಲು ಭಾರವಾಗತೊಡಗುತ್ತದೆ. ಕಣ್ಣು ಕಂಡದ್ದನ್ನು ಕೈ ಮಾಡಿ ಮುಗಿಸುವಷ್ಟರಲ್ಲಿ ಒಂದು ಕ್ಷಣ ಜಾರಿಹೋಗಿರುತ್ತದೆ. ಅಂಥ ಪ್ರಾಯದಲ್ಲಿ, ಹಿಂದಡಿಯಿಡಲು ಅರಿಯದ ಕಿರಿಯ ಎದುರಾಳಿಗಳಿಂದ ಕಳೆದುಕೊಂಡ ಕಿರೀಟವನ್ನು ಮರಳಿ ಮರಳಿ ಪಡೆದ ಧೀರರೊಬ್ಬರಿದ್ದರು. ಅವರೇ ಅಮೆರಿಕದ ಶುಗರ್ ರೇ ರಾಬಿನ್ಸನ್. ಅವರ ಜೀವನದ, ವಿಶೇಷವಾಗಿ ಅದರ ಉತ್ತರಾರ್ಧದ, ಕಿರುಪರಿಚಯವನ್ನು ನಮ್ಮ ಓದುಗರ ಮುಂದಿಡುತ್ತಿದ್ದೇವೆ.

1921ರ ಮೇ 3ರಂದು ಬಡ ಕರಿಯ ಕುಟುಂಬವೊಂದರಲ್ಲಿ ಜನಿಸಿದ ಅವರ ನಿಜನಾಮ ವಾಕರ್ ಸ್ಮಿತ್. ಬಾಲ್ಯ ಡೆಟ್ರಾಯಿಟ್ ನಗರದಲ್ಲಿ ಕಳೆಯಿತು. ತಂದೆಯಿಂದ ಬೇರ್ಪಟ್ಟ ತಾಯಿ ಮಕ್ಕಳನ್ನು ಕರೆದುಕೊಂಡು ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಗೆ ಬಂದು ನೆಲೆಸಿದರು. ಹವ್ಯಾಸಿ ಪಂದ್ಯಗಳಲ್ಲಿ ಸ್ಪರ್ಧಿಸಲು ವಯಸ್ಸು ಸಾಲದೆ, ರೇ ರಾಬಿನ್ಸನ್ ಎಂಬ ಬೇರೊಬ್ಬ ಹುಡುಗನ ಗುರುತುಚೀಟಿಯನ್ನು ಹಿಡಿದು ಬಾಲಕ ವಾಕರ್ ಕಣಕ್ಕಿಳಿದ. ಎರವಲು ಪಡೆದ ಆ ಹೆಸರೇ ಶಾಶ್ವತವಾಯಿತು. ಆಟದಲ್ಲಿದ್ದ ಮಾಧುರ್ಯಕ್ಕಾಗಿ ಅದರ ಹಿಂದೆ ‘ಶುಗರ್’ ಎಂಬ ಬಿರುದೂ ಸೇರಿಕೊಂಡಿತು.

1940ರಲ್ಲಿ ವೃತ್ತಿಪರರಾದ ರಾಬಿನ್ಸನ್ 1946ರ ಡಿಸೆಂಬರಿನಲ್ಲಿ ವೆಲ್ಟರ್‌ವೇಟ್ ವಿಶ್ವಪಟ್ಟವನ್ನೂ, 1951ರ ಫೆಬ್ರವರಿ 14ರಂದು ಜೇಕ್ ಲಮೋಟಾ ಅವರನ್ನು ಹದಿಮೂರನೆಯ ಸುತ್ತಿನಲ್ಲಿ ಸೋಲಿಸಿ ಮಿಡಲ್‌ವೇಟ್ ಪಟ್ಟವನ್ನೂ ಗಳಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ರ‍್ಯಾಂಡಿ ಟರ್ಪಿನ್ ಅವರಿಗೆ ಸೋತು, ಎರಡೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಅವರನ್ನು ಗೆದ್ದರು. ಆ ದಿನಗಳಲ್ಲಿ ಅವರ ಬಲವಿದ್ದುದು ಕಾಲುಗಳಲ್ಲಿ. ನರ್ತಕನಂತೆ ಕಣವನ್ನು ಸುತ್ತುತ್ತ, ಬೇಕೆಂದಾಗ ಎದುರಾಳಿಯ ಬಳಿ ಸಾರಿ, ಹೊಡೆದು, ಅವನ ಕೈಗೆ ಸಿಗದೆ ಸರಿದುಬಿಡುತ್ತಿದ್ದರು.

1952ರ ಜೂನ್ 25ರಂದು ಆ ಕಾಲುಗಳು ಮೊದಲ ಬಾರಿಗೆ ಕೈಕೊಟ್ಟವು. ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಲೈಟ್ ಹೆವಿವೇಟ್ ಚಾಂಪಿಯನ್ ಜೋಯಿ ಮ್ಯಾಕ್ಸಿಮ್ ಅವರೊಡನೆ ಪಂದ್ಯ. ಕಣದಲ್ಲಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ಸೆಕೆ. ರೆಫರಿಯೇ ಬಳಲಿ ನಿರ್ಗಮಿಸಿದ್ದರಿಂದ ಬೇರೊಬ್ಬರನ್ನು ಕರೆತರಬೇಕಾಯಿತು. ಅಂಕಗಳಲ್ಲಿ ಮುಂದಿದ್ದ ರಾಬಿನ್ಸನ್ ಹದಿನಾಲ್ಕನೆಯ ಸುತ್ತಿಗೆ ಎದ್ದು ಬರಲಾರದೆ ಹೋದರು. ಆ ವರ್ಷಾಂತ್ಯದಲ್ಲಿ ನಿವೃತ್ತಿ ಘೋಷಿಸಿ ರಂಗಮಂಚದ ನರ್ತಕರಾದರು. ಅದುವರೆಗಿನ ಹನ್ನೆರಡು ವರ್ಷಗಳಲ್ಲಿ ಅವರು ಸೋತದ್ದು ಕೇವಲ ಮೂರು ಬಾರಿ.

ನೃತ್ಯದಿಂದ ಬಂದ ಹಣ ಸಾಲಲಿಲ್ಲ. ಹಾರ್ಲೆಮ್‌ನಲ್ಲಿ ಕಟ್ಟಿದ್ದ ವ್ಯಾಪಾರಗಳೂ ಕುಸಿದವು. 1955ರ ಜನವರಿಯಲ್ಲಿ ಅವರು ಮತ್ತೆ ಕೈಗವಸು ತೊಟ್ಟರು. ಅದೇ ತಿಂಗಳ 19ರಂದು ಷಿಕಾಗೋದಲ್ಲಿ ಎದುರಾದವರು ರಾಲ್ಫ್ ‘ಟೈಗರ್’ ಜೋನ್ಸ್. ಹಿಂದಿನ ಐದು ಪಂದ್ಯಗಳನ್ನೂ ಸತತವಾಗಿ ಸೋತಿದ್ದ ಜೋನ್ಸ್, ಬಿಡುವೇ ಕೊಡದೆ ಮೈಮೇಲೆ ಏರಿ ಬಂದು ಹತ್ತು ಸುತ್ತುಗಳಲ್ಲೂ ಗುದ್ದಿ, ಅಂಕಗಳ ಮೇಲೆ ಗೆದ್ದುಬಿಟ್ಟರು. ಮರಳಿ ಬಂದ ರಾಬಿನ್ಸನ್ ಅವರ ಕಷ್ಟ ಎಲ್ಲಿದೆಯೆಂಬುದು ಅಂದು ಲೋಕಕ್ಕೆಲ್ಲ ತಿಳಿಯಿತು.

ಈ ಬಗೆಯ ಹೋರಾಟದ ಮರ್ಮವನ್ನು ಕೊಂಚ ವಿವರಿಸಬೇಕು. ಎದುರಾಳಿ ಎಷ್ಟೇ ಹೊಡೆದರೂ ತಲೆ ತಗ್ಗಿಸಿ ಮುನ್ನುಗ್ಗುವುದು, ಅವನನ್ನು ಹಗ್ಗದ ಅಂಚಿಗೆ ಒತ್ತುವುದು, ಪಕ್ಕೆ-ಹೊಟ್ಟೆಗಳಿಗೆ ಗುದ್ದಿ ಉಸಿರು ಕಸಿಯುವುದು. ಇದೇ ಅದರ ಕ್ರಮ. ಅಲ್ಲಿ ಚೆಂದಕ್ಕೆ ಬೆಲೆಯಿಲ್ಲ, ಸಹನೆಗೆ ಮಾತ್ರ ಬೆಲೆ. ವಯಸ್ಸಾದ ಮುಷ್ಟಿಪಟುವಿಗೆ ಒಂದೊಂದು ಸುತ್ತಿನ ನಡುವೆಯೂ ವಿಶ್ರಾಂತಿಯ ಕ್ಷಣಗಳು ಬೇಕು. ಆ ಕ್ಷಣಗಳನ್ನೇ ಕಿರಿಯನು ಕಿತ್ತುಕೊಳ್ಳುತ್ತಾನೆ.

ರಾಬಿನ್ಸನ್ ಎದೆಗುಂದಲಿಲ್ಲ. 1955ರ ಡಿಸೆಂಬರ್ 9ರಂದು ಬೋಬೋ ಓಲ್ಸನ್ ಅವರನ್ನು ಎರಡನೆಯ ಸುತ್ತಿನಲ್ಲಿಯೇ ಕೆಡವಿ ಮಿಡಲ್‌ವೇಟ್ ಪಟ್ಟವನ್ನು ಮರಳಿ ಪಡೆದರು. ಆದರೆ 1957ರ ಜನವರಿ 2ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವರೆದುರು ನಿಂತವರು ಯೂಟಾ ಪ್ರಾಂತದ ಜೀನ್ ಫುಲ್ಮರ್. ವಯಸ್ಸು 25, ಅಂದರೆ ಹತ್ತು ವರ್ಷ ಕಿರಿಯರು. ಗೂಳಿಯಂತೆ ನುಗ್ಗಿದ ಫುಲ್ಮರ್ ಏಳನೆಯ ಸುತ್ತಿನಲ್ಲಿ ರಾಬಿನ್ಸನ್ ಅವರನ್ನು ನೆಲಕ್ಕೆ ಕೆಡವಿದರು. ಹದಿನೈದು ಸುತ್ತುಗಳ ನಂತರ ಪಟ್ಟವನ್ನೂ ಕಸಿದುಕೊಂಡರು. ರಾಬಿನ್ಸನ್ ಯುಗ ಮುಗಿಯಿತೆಂದೇ ಬಹುಮಂದಿ ತೀರ್ಮಾನಿಸಿದರು.

ಮರುಪಂದ್ಯ ನಡೆದದ್ದು ಅದೇ ವರ್ಷದ ಮೇ 1ರಂದು, ಷಿಕಾಗೋದಲ್ಲಿ. ಮೂವತ್ತಾರು ತುಂಬಲು ಎರಡೇ ದಿನ ಉಳಿದಿದ್ದ ರಾಬಿನ್ಸನ್ ಈ ಬಾರಿ ಫುಲ್ಮರ್ ಅವರ ಮುನ್ನುಗ್ಗುವಿಕೆಯನ್ನೇ ತಮ್ಮ ಸಾಧನವಾಗಿ ಮಾಡಿಕೊಂಡರು. ಬಲಗೈಯಿಂದ ದೇಹಕ್ಕೆ ಹೊಡೆದಾಗ ಫುಲ್ಮರ್ ಅವರ ರಕ್ಷಣೆಯ ಕೈ ತುಸು ಕೆಳಗಿಳಿಯುತ್ತಿತ್ತು, ಗದ್ದ ಬಯಲಾಗುತ್ತಿತ್ತು. ಐದನೆಯ ಸುತ್ತಿನಲ್ಲಿ ಹಾಗೆ ಕೈ ಇಳಿಯುವಂತೆ ಮಾಡಿ, ಹಿಂದಕ್ಕೆ ಸರಿಯುತ್ತಲೇ ಎಡಗೈಯ ಹುಕ್ ಒಂದನ್ನು ಬೀಸಿದರು. ಅದುವರೆಗೆ ಯಾರಿಂದಲೂ ನಾಕೌಟ್ ಆಗದಿದ್ದ ಫುಲ್ಮರ್ ಹತ್ತು ಎಣಿಸುವುದರೊಳಗೆ ಮೇಲೇಳಲಿಲ್ಲ. ಮುಂದಕ್ಕೆ ಧಾವಿಸುತ್ತಿದ್ದವರ ವೇಗವೂ ಆ ಹೊಡೆತಕ್ಕೆ ಬಲವಾಗಿ ಒದಗಿತ್ತು. ಮುಷ್ಟಿಯುದ್ಧದ ಇತಿಹಾಸದಲ್ಲಿ ಪರಿಪೂರ್ಣ ಹೊಡೆತವೆಂದು ಇಂದಿಗೂ ಅದನ್ನು ಕೊಂಡಾಡುತ್ತಾರೆ. ಶಕ್ತಿಗಿಂತ ಯುಕ್ತಿ ಮೇಲೆಂಬ ನಮ್ಮ ಹಿರಿಯರ ಗಾದೆಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕೆ?

ಮುಂದಿನ ಸವಾಲು ಕಾರ್ಮೆನ್ ಬ್ಯಾಸಿಲಿಯೊ ಅವರದು. ಈರುಳ್ಳಿ ಬೆಳೆಯುವ ರೈತನ ಮಗ, ಆರು ವರ್ಷ ಕಿರಿಯರು, ಗಾತ್ರದಲ್ಲಿ ಚಿಕ್ಕವರು, ಛಲದಲ್ಲಿ ದೊಡ್ಡವರು. 1957ರ ಸೆಪ್ಟೆಂಬರ್ 23ರಂದು ಯಾಂಕೀ ಕ್ರೀಡಾಂಗಣದಲ್ಲಿ ಹದಿನೈದು ಸುತ್ತುಗಳ ಘೋರ ಕಾದಾಟ ನಡೆದು, ಮೂವರು ನಿರ್ಣಾಯಕರಲ್ಲಿ ಇಬ್ಬರು ಬ್ಯಾಸಿಲಿಯೊ ಪರವಾಗಿ ತೀರ್ಪಿತ್ತರು. 1958ರ ಮಾರ್ಚ್ 25ರಂದು ಷಿಕಾಗೋದಲ್ಲಿ ಮತ್ತೆ ಹದಿನೈದು ಸುತ್ತುಗಳು. ಬ್ಯಾಸಿಲಿಯೊ ಒಂದೇ ಹೊಡೆತಕ್ಕೆ ಉರುಳುವವರಲ್ಲವಾದ್ದರಿಂದ ಅಲ್ಲಿ ತಾಳ್ಮೆಯೊಂದೇ ದಾರಿ. ರಾಬಿನ್ಸನ್ ಅವರ ಹೊಡೆತಗಳಿಗೆ ಬ್ಯಾಸಿಲಿಯೊ ಅವರ ಎಡಗಣ್ಣು ಊದಿ ಪೂರ್ಣ ಮುಚ್ಚಿಹೋಯಿತು. ಆದರೂ ಅವರು ಒಂಟಿಗಣ್ಣಿನಲ್ಲಿಯೇ ಕೊನೆಯವರೆಗೆ ಕಾದಿದರು. ಈ ಸಲ ಇಬ್ಬರು ನಿರ್ಣಾಯಕರು ರಾಬಿನ್ಸನ್ ಅವರನ್ನು ವಿಜಯಿಯೆಂದರು. ಮೂವತ್ತೇಳರ ಹೊಸ್ತಿಲಲ್ಲಿ ಐದನೆಯ ಬಾರಿಗೆ ಅವರು ಮಿಡಲ್‌ವೇಟ್ ಚಾಂಪಿಯನ್ ಆದರು.

ಈ ಪಂದ್ಯಗಳನ್ನು ಒಟ್ಟಿಗೆ ನೋಡಿದಾಗ ಒಂದು ಸಂಗತಿ ನಮಗೆ ಸ್ಪಷ್ಟವಾಗುತ್ತದೆ. ಟರ್ಪಿನ್, ಫುಲ್ಮರ್, ಬ್ಯಾಸಿಲಿಯೊ, ಮೂವರಿಗೂ ಅವರು ಮೊದಲು ಸೋತರು, ನಂತರ ಗೆದ್ದರು. ಸೋಲು ಅವರಿಗೆ ಪಾಠಶಾಲೆಯಾಗಿತ್ತು. ಕಳೆದುಹೋದ ಕಾಲುಗಳ ವೇಗಕ್ಕಾಗಿ ಕೊರಗದೆ, ಉಳಿದಿರುವ ಕಣ್ಣು, ಕೈ ಮತ್ತು ಅನುಭವಗಳನ್ನು ಹೇಗೆ ದುಡಿಸಿಕೊಳ್ಳಬಹುದೆಂದು ಅವರು ಚಿಂತಿಸಿದರು.

ಆದರೆ ಕಾಲನೊಡನೆ ಮರುಪಂದ್ಯವಿಲ್ಲ. 1960ರ ಜನವರಿಯಲ್ಲಿ ಬಾಸ್ಟನ್ನಿನಲ್ಲಿ ಪಾಲ್ ಪೆಂಡರ್ ಅವರಿಗೆ ಪಟ್ಟ ಬಿಟ್ಟುಕೊಟ್ಟರು. ಜೂನ್‌ನಲ್ಲಿ ಮತ್ತೆ ಅವರಿಗೇ ಸೋತರು. ಆ ಡಿಸೆಂಬರಿನಲ್ಲಿ ಫುಲ್ಮರ್ ಅವರೊಡನೆ ಪಂದ್ಯ ಸಮವಾಯಿತು. 1961ರ ಮಾರ್ಚ್‌ನಲ್ಲಿ ಫುಲ್ಮರ್ ಗೆದ್ದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತೆಂದು ನಮಗೆ ಅನಿಸುತ್ತದೆ. ಗಳಿಸಿದ್ದೆಲ್ಲ ಧಾರಾಳತನಕ್ಕೆ ಕರಗಿಹೋಗಿದ್ದ ರಾಬಿನ್ಸನ್ ಅವರಿಗೆ ಅದು ಸಾಧ್ಯವಾಗಲಿಲ್ಲ. ಇನ್ನೂ ನಾಲ್ಕು ವರ್ಷ ಸಣ್ಣಪುಟ್ಟ ಊರುಗಳಲ್ಲಿಯೂ ಕಾದಿ, 44ರ ವಯಸ್ಸಿನಲ್ಲಿ, 1965ರ ನವೆಂಬರ್ 10ರಂದು ಪಿಟ್ಸ್‌ಬರ್ಗ್‌ನಲ್ಲಿ 27ರ ತರುಣ ಜೋಯಿ ಆರ್ಚರ್ ಅವರಿಗೆ ಸೋತು ಕಣ ತೊರೆದರು. ಅವರ ಒಟ್ಟು ಹತ್ತೊಂಬತ್ತು ಸೋಲುಗಳಲ್ಲಿ ಹದಿನಾರು ಬಂದದ್ದು 1955ರಿಂದ ಈಚೆಗೇ.

ಮರುತಿಂಗಳು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವರಿಗೆ ಬೀಳ್ಕೊಡುಗೆ ನಡೆದಾಗ ಟರ್ಪಿನ್, ಓಲ್ಸನ್, ಫುಲ್ಮರ್, ಬ್ಯಾಸಿಲಿಯೊ ನಾಲ್ವರೂ ಬಂದಿದ್ದರು. ಅವರನ್ನು ಕಾಡಿದವರೇ ಅವರನ್ನು ಗೌರವಿಸಿದರು. ಮುಂದೆ 1969ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಬಡಮಕ್ಕಳಿಗಾಗಿ ಅವರು ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಅಲ್ಲಿ ಹಲವು ಆಟಗಳಿದ್ದವು, ಮುಷ್ಟಿಯುದ್ಧವೊಂದನ್ನು ಬಿಟ್ಟು. ಆ ಆಟ ಏನನ್ನು ಕೇಳುತ್ತದೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆಯಾದ ಅಲ್ಜೈಮರ್ ಅವರನ್ನು ಬಾಧಿಸಿತು. 1989ರ ಏಪ್ರಿಲ್ 12ರಂದು, 67ನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ನಿಧನರಾದರು.

ಕಿರಿಯರು ವೇಗದಿಂದ ಮುಂದೆ ಬರುವುದು ಪ್ರಕೃತಿಯ ನಿಯಮ. ಅವರ ವೇಗಕ್ಕೆ ಹೆದರದೆ ಅದನ್ನು ಅರಿತು ನಡೆಯುವ ಬಗೆಯನ್ನು ರಾಬಿನ್ಸನ್ ಅವರ ಗೆಲುವುಗಳು ತೋರಿಸಿಕೊಟ್ಟರೆ, ಸಕಾಲದಲ್ಲಿ ಕಣ ಬಿಟ್ಟುಕೊಡುವುದೂ ಒಂದು ಜಾಣ್ಮೆಯೆಂಬುದನ್ನು ಅವರ ಕಡೆಯ ಸೋಲುಗಳು ತಿಳಿಸುತ್ತವೆ. ಈ ಎರಡನ್ನೂ ಒಂದೇ ಬಾಳಿನಲ್ಲಿ ಕಾಣಿಸಿದ ಆ ಮಹಾನ್ ಕ್ರೀಡಾಪಟುವಿಗೆ ನಮ್ಮ ನಮನಗಳು.