ಚಾರ್ಲ್ಸ್ ಡಾಲ್ಜೀಲ್
ಚಾರ್ಲ್ಸ್ ಡಾಲ್ಜೀಲ್ (1904–1986) ಅಮೆರಿಕದ ವಿದ್ಯುತ್ ಎಂಜಿನಿಯರ್ ಹಾಗೂ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ಸ್ವಯಂಸೇವಕರ ಕೈಗೆ ತಂತಿ ಕೊಟ್ಟು, ವಿದ್ಯುತ್ ಪ್ರವಾಹವನ್ನು ಕ್ರಮೇಣ ಏರಿಸುತ್ತ, ಅವರು ತಾವಾಗಿಯೇ ಹಿಡಿತ ಬಿಡಿಸಿಕೊಳ್ಳಬಲ್ಲ ಮಿತಿಯನ್ನು ಅಳೆದರು. ಇಂದು ಅಂತಹ ಪ್ರಯೋಗಕ್ಕೆ ಅನುಮತಿ ದೊರೆಯುವುದು ಕಷ್ಟ. ಈ ಮಿತಿ ಪುರುಷರಲ್ಲಿ ಸರಾಸರಿ ಸುಮಾರು 16, ಸ್ತ್ರೀಯರಲ್ಲಿ 10.5 ಮಿಲಿಆಂಪಿಯರ್. 15 ಆಂಪಿಯರಿನ ಫ್ಯೂಸ್ ಇದರ ಸುಮಾರು ಸಾವಿರ ಪಟ್ಟು ಪ್ರವಾಹವನ್ನು ಕರಗದೆ ಹರಿಯಗೊಡುತ್ತದೆ.

1961ರಲ್ಲಿ ಡಾಲ್ಜೀಲ್ ರೂಪಿಸಿದ ಸಾಧನವು ಹೋಗುವ ಮತ್ತು ಮರಳುವ ಪ್ರವಾಹಗಳನ್ನು ಹೋಲಿಸಿ, ಸುಮಾರು 5 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡೊಡನೆ ಸಂಪರ್ಕವನ್ನು ಕಡಿಯುತ್ತದೆ. ದಡದಿಂದ ಕೇಬಲ್ ಮೂಲಕ ವಿದ್ಯುತ್ ಪಡೆಯುವ ದೋಣಿಗಳಿಗೆ ಈ ತತ್ತ್ವ ಬಹಳ ಮುಖ್ಯ. ಅರ್ಥಿಂಗ್ ಕೆಟ್ಟ ದೋಣಿಯಿಂದ ಸೋರುವ ಪ್ರವಾಹವು ಸಿಹಿನೀರಿಗಿಂತ ಸುಲಭವಾಗಿ ಈಜುಗಾರನ ದೇಹದಲ್ಲಿ ಹರಿದು, ಸ್ನಾಯುಗಳನ್ನು ಸ್ತಬ್ಧಗೊಳಿಸಿ ಅವನನ್ನು ಮುಳುಗಿಸಬಲ್ಲದು. ಭಾರತದ ಮನೆಗಳಲ್ಲಿ ಬಳಸುವ ಇದೇ ತತ್ತ್ವದ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರಿನದು.