ಹತ್ತು ವರ್ಷದ ಓದುಗ ಮೆಚ್ಚಿದ ಕಥೆಗಾರ

ಮಂತ್ರವಾದಿಗಳು, ಡ್ರ್ಯಾಗನ್‌ಗಳು ತುಂಬಿದ ದಪ್ಪ ದಪ್ಪ ಕಾದಂಬರಿಗಳನ್ನು ನಾವೀಗ ಊಟ, ನಿದ್ದೆ ಮರೆತು ಓದುತ್ತೇವೆ. ಇಂಥ ಕಥೆಗಳಿಗೆ ದಾರಿ ಹಾಕಿಕೊಟ್ಟವರಲ್ಲಿ ಪ್ರಮುಖರು ಜೆ.ಆರ್.ಆರ್. ಟೋಲ್ಕಿನ್.

ಅವರು ಹುಟ್ಟಿದ್ದು 1892ರಲ್ಲಿ, ಈಗಿನ ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ, ಬೆಳೆದದ್ದು ಇಂಗ್ಲೆಂಡಿನಲ್ಲಿ. ನಾಲ್ಕನೇ ವಯಸ್ಸಿಗೆ ತಂದೆಯನ್ನು, ಹನ್ನೆರಡಕ್ಕೆ ತಾಯಿಯನ್ನು ಕಳೆದುಕೊಂಡರು. ಅಮ್ಮ ಮನೆಯಲ್ಲೇ ಲ್ಯಾಟಿನ್ ಕಲಿಸಿ ಹತ್ತಿಸಿದ ಭಾಷೆಯ ಹುಚ್ಚು ಮಾತ್ರ ಕೊನೆಯವರೆಗೂ ಉಳಿಯಿತು. 1916ರಲ್ಲಿ ಸೊಮ್ ಕದನದಲ್ಲಿ ಹೋರಾಡಿದರು. ಆ ಮಹಾಯುದ್ಧ ಅವರ ಆಪ್ತ ಗೆಳೆಯರನ್ನು ಬಲಿ ತೆಗೆದುಕೊಂಡಿತು.

ಮುಂದೆ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾದರು. ಒಮ್ಮೆ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಸಿಕ್ಕ ಖಾಲಿ ಹಾಳೆಯ ಮೇಲೆ ಹಾಬಿಟ್ ಎಂಬ ಪುಟ್ಟ ಜೀವಿಯ ಬಗ್ಗೆ ಒಂದು ಸಾಲು ಗೀಚಿದರು. ಅದೇ ಬೆಳೆದು ಕಥೆಯಾಯಿತು. ಅದನ್ನು ತಮ್ಮ ಮಕ್ಕಳಿಗೆ ಓದಿ ಹೇಳಿದರು. ಹಸ್ತಪ್ರತಿ ಕೈಸೇರಿದಾಗ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಅದನ್ನು ಹತ್ತು ವರ್ಷದ ಮಗ ರೇನರ್‌ಗೆ ಕೊಟ್ಟರು. ಒಂದು ಶಿಲಿಂಗ್ ಸಂಭಾವನೆಗೆ ರೇನರ್ ಬರೆದ ಮೆಚ್ಚುಗೆಯ ವರದಿಯನ್ನು ಅಪ್ಪ ನಂಬಿದರು. 1937ರಲ್ಲಿ ‘ದಿ ಹಾಬಿಟ್’ ಅಚ್ಚಾಯಿತು.

ಮುಂದಿನ ಕೃತಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದು ಮುಗಿಸಲು ಸುಮಾರು 12 ವರ್ಷ ಹಿಡಿಯಿತು. ಮೂರು ಸಂಪುಟಗಳು 1954-55ರಲ್ಲಿ ಹೊರಬಂದವು. ನಷ್ಟವಾದರೂ ಸರಿ, ಪ್ರಕಟಿಸೋಣ ಎಂದು ಅಪ್ಪನನ್ನು ಒಪ್ಪಿಸಿದ್ದು ಅದೇ ರೇನರ್! ಅಷ್ಟು ಹೊತ್ತಿಗೆ ಅವರೂ ಪ್ರಕಾಶನದ ಕೆಲಸಕ್ಕೆ ಸೇರಿದ್ದರು. ಟೋಲ್ಕಿನ್ 1973ರಲ್ಲಿ ತೀರಿಕೊಂಡರು.

ಒಳ್ಳೆಯ ಪುಸ್ತಕಕ್ಕೆ ಬರೆಯುವವರಷ್ಟೇ ಓದುವವರೂ ಬೇಕು. ಮಕ್ಕಳೇ, ಈ ರಜೆಯಲ್ಲಿ ಓದಿದ ಪುಸ್ತಕದ ಬಗ್ಗೆ ನಾವೂ ನಾಲ್ಕು ಸಾಲು ಬರೆಯೋಣವೇ?