ಘಟ್ಟದ ಮೇಲಿನ ಶಾಸಕ ಶಾಂತವೇರಿ ಗೋಪಾಲಗೌಡರು



ನಮ್ಮ ಸಂಘದ ಬೆಳ್ಳಿ ಹಬ್ಬದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲ ಒಂದೊಂದು ಲೇಖನ ಕೊಡಲೇಬೇಕು ಎಂದು ಸಂಪಾದಕ ಮಂಡಳಿಯವರು ಬೆನ್ನು ಹತ್ತಿದರು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಗದ್ದೆಗೆ ಇಳಿದವ. ಬರೆದು ರೂಢಿ ಇಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ರೈತರ ಪರ ಹೋರಾಡಿದವರು ಅಂದರೆ ನಮ್ಮ ಜಿಲ್ಲೆಯಲ್ಲಿ ಮೊದಲು ಬಾಯಿಗೆ ಬರುವ ಹೆಸರು ದಿನಕರ ದೇಸಾಯಿಯವರದ್ದು. ಅವರು 1967ರಲ್ಲಿ ಇಲ್ಲಿಂದಲೇ ಲೋಕಸಭೆಗೂ ಹೋಗಿದ್ದರು. ಆದರೆ ಅವರ ಬಗ್ಗೆ ಬರೆಯಲು ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ನಾನು ಘಟ್ಟದ ಮೇಲಿನವರೊಬ್ಬರನ್ನು ಆರಿಸಿಕೊಂಡಿದ್ದೇನೆ. ಹೊನ್ನಾವರದಿಂದ ಬಸ್ಸು ಹತ್ತಿ ಗೇರುಸೊಪ್ಪೆ, ಮಾವಿನಗುಂಡಿ, ಜೋಗ ದಾಟಿದರೆ ಅವರ ಸಾಗರ ಸೀಮೆ. ನಾವು ಕುಡಿಯುವ ಶರಾವತಿ ನೀರು ಅಲ್ಲಿಂದ ಇಳಿದು ಬಂದದ್ದೇ ಅಲ್ಲವೇ?

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ. ಬಡ ಕುಟುಂಬ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಇಳಿದು ಜೈಲು ಕಂಡರು. ಆಮೇಲೆ ಸಮಾಜವಾದಿ ಪಕ್ಷ, ಡಾ. ರಾಮಮನೋಹರ ಲೋಹಿಯಾ ಅವರ ವಿಚಾರ. ಸಾಹಿತ್ಯ ಮತ್ತು ಸಂಗೀತದ ಹುಚ್ಚೂ ಇತ್ತು.

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ದೊಡ್ಡ ಸತ್ಯಾಗ್ರಹ ಆಯಿತು. ಈಗಿನ ಹುಡುಗರಿಗೆ ಕೊಳಗ ಅಂದರೆ ಏನು ಅಂತಲೇ ಗೊತ್ತಿಲ್ಲ, ಅದು ಭತ್ತ ಅಳೆಯುವ ಪಾತ್ರೆ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದು. ಸರಿಯಾದ ಅಳತೆಯ ಕೊಳಗದಲ್ಲೇ ಅಳೆಯಬೇಕು ಎಂದು ಒಕ್ಕಲುಗಳು ಕೇಳಿದರು. ಒಕ್ಕಲುಗಳಲ್ಲಿ ಹೆಚ್ಚಿನವರು ದೀವರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಅವರ ಹಿಂದೆ ಇತ್ತು. ಕೇಳಿದ್ದಕ್ಕೆ ಗದ್ದೆಯಿಂದಲೇ ಹೊರಗೆ ಹಾಕಿದರು. ಆಗ ರೈತರು ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ಪೋಲೀಸರು ಹಿಡಿದು ಒಯ್ಯುವುದು, ಮರುದಿನ ಇನ್ನೊಂದು ತಂಡ ಇಳಿಯುವುದು, ಹೀಗೆ ನಡೆಯಿತು. ಸಮಾಜವಾದಿಗಳು ಜೊತೆಗೆ ನಿಂತರು, ಗೋಪಾಲಗೌಡರು ಮುಂದೆ ನಿಂತರು. ಸ್ವತಃ ಲೋಹಿಯಾ ಅವರೇ ಬಂದು ದಸ್ತಗಿರಿಯಾದರು. ಒಂದು ಕೊಳಗದ ಜಗಳ ಡೆಲ್ಲಿವರೆಗೆ ಮುಟ್ಟಿತು ನೋಡಿ!

ಮರುವರ್ಷ, 1952ರ ಮೊದಲ ಚುನಾವಣೆಯಲ್ಲಿ ಸಾಗರ-ಹೊಸನಗರದ ಜನ ಅವರನ್ನು ಆರಿಸಿ ಕಳಿಸಿದರು. ಆಗ ಅವರಿಗೆ 29 ವರ್ಷ. ಖರ್ಚಿಗೆ ಹಣವಿಲ್ಲ, ಜನರೇ ಓಟಿನ ಜೊತೆ ನೋಟನ್ನೂ ಕೊಟ್ಟರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಕೂತದ್ದು ಯಾವಾಗಲೂ ವಿರೋಧ ಪಕ್ಷದ ಬೆಂಚಿನಲ್ಲಿ. ಮಂತ್ರಿಯಾದವರಲ್ಲ.

ಸದನದಲ್ಲಿ ಅವರು ಮಾತಾಡಿದ್ದು ಮುಖ್ಯವಾಗಿ ಮೂರು ವಿಷಯ ಎನ್ನಬಹುದು. ಮೊದಲನೆಯದು ಕರ್ನಾಟಕದ ಏಕೀಕರಣ. ಹಳೇ ಮೈಸೂರಿನ ಹಲವು ಮುಖಂಡರಿಗೆ ನಮ್ಮನ್ನೆಲ್ಲ ಸೇರಿಸಿಕೊಳ್ಳುವುದು ಬೇಡವಾಗಿತ್ತು. ನಾವು ಆಗ ಮುಂಬಯಿ ರಾಜ್ಯದವರು. ಭಟ್ಕಳ, ಹೊನ್ನಾವರ, ಕುಮಟಾದ ಕಾಗದ ಪತ್ರ ಎಲ್ಲ ಮುಂಬಯಿಗೆ ಹೋಗುತ್ತಿದ್ದವು. ಗೋಪಾಲಗೌಡರು ಮೈಸೂರಿನ ಸದನದಲ್ಲಿದ್ದುಕೊಂಡೇ ಕನ್ನಡಿಗರೆಲ್ಲ ಒಂದಾಗಬೇಕು ಎನ್ನುವವರ ಪಾಲಿಗೆ ನಿಂತರು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರೂ ಬೇಕು ಎನ್ನುವುದು ಅವರ ಒತ್ತಾಯವಾಗಿತ್ತು.

ಎರಡನೆಯದು ಭಾಷೆ. ಆಡಳಿತ ಜನರ ಭಾಷೆಯಲ್ಲಿ ನಡೆಯಬೇಕು, ಇಂಗ್ಲಿಷ್ ಬಲ್ಲ ನಾಲ್ಕು ಜನರ ಸೊತ್ತಾಗಬಾರದು ಎಂಬ ವಾದ. ಅವರ ಬಳಗದ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದರು, ಅದಕ್ಕೂ ಮೊದಲು ಅಲ್ಲಿ ಯಾರೂ ಕನ್ನಡದಲ್ಲಿ ಭಾಷಣ ಮಾಡಿರಲಿಲ್ಲ. ಎಸ್. ಬಂಗಾರಪ್ಪನವರೂ ಅದೇ ವರ್ಷ ಅದೇ ಪಕ್ಷದಿಂದ ವಿಧಾನಸಭೆಗೆ ಬಂದವರು. ಮುಂದೆ ಇಬ್ಬರೂ ಮುಖ್ಯಮಂತ್ರಿಗಳಾದರು, ಗುರುವಿಗೆ ಅದು ಬರಲಿಲ್ಲ.

ಮೂರನೆಯದು ಭೂಮಿ. ನನಗೆ ಬೇಕಾದದ್ದು ಇದೇ. 1961ರಲ್ಲಿ ಭೂಸುಧಾರಣಾ ಕಾಯಿದೆ ಆಯಿತು, ಜಾರಿಗೆ ಬರಲು 1965ರ ಅಕ್ಟೋಬರ್ ಬೇಕಾಯಿತು. ಅದರಲ್ಲಿ ಒಡೆಯರು ಸ್ವಂತ ಸಾಗುವಳಿಗೆ ಅಂತ ಹೇಳಿ ಗೇಣಿ ಭೂಮಿ ಹಿಂದಕ್ಕೆ ಪಡೆಯಲು ದಾರಿ ಇತ್ತು. ಸಣ್ಣ ಕಿಂಡಿ ಅಲ್ಲ ಅದು, ಎತ್ತಿನಗಾಡಿ ಹೋಗುವಷ್ಟು ದೊಡ್ಡದು. ಉಳುವವನೇ ಒಡೆಯನಾಗದೆ ಬೇರೆ ಯಾವ ತೇಪೆಯೂ ನಿಲ್ಲುವುದಿಲ್ಲ ಎಂಬುದು ಗೋಪಾಲಗೌಡರ ಪಟ್ಟು. ಕಾಗೋಡಿನಲ್ಲಿ ಕಂಡದ್ದನ್ನು ಅವರು ಬೆಂಗಳೂರಿನಲ್ಲಿ ಮರೆಯಲಿಲ್ಲ. ಕೈ ಎತ್ತುವಾಗ ಮಾತ್ರ ಆ ಕಡೆಯವರೇ ಹೆಚ್ಚು. ಹೇಳಿದ್ದನ್ನೇ ವರ್ಷ ವರ್ಷ ಹೇಳುವುದಕ್ಕೂ ಒಂದು ಗಟ್ಟಿತನ ಬೇಕು. ನಮ್ಮ ಸಂಘದ ಸಭೆಯಲ್ಲಿ ಎರಡು ಸಲ ಹೇಳಿ ನಡೆಯದಿದ್ದರೆ ನಾನು ಮೂರನೇ ಸಲಕ್ಕೆ ಸುಮ್ಮನಾಗಿಬಿಡುತ್ತೇನೆ.

ಕೋಪ ಅವರಿಗೆ ಬೇಗ ಬರುತ್ತಿತ್ತು ಎಂದು ಕಂಡವರು ಹೇಳುತ್ತಾರೆ. ಆರೋಗ್ಯ ಕೆಟ್ಟಿತು. ಬಹಳ ಕಾಲ ಹಾಸಿಗೆ ಹಿಡಿದು 1972ರ ಜೂನ್ 9ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಐವತ್ತು ತುಂಬಿರಲಿಲ್ಲ. ಯು.ಆರ್. ಅನಂತಮೂರ್ತಿಯವರ ಅವಸ್ಥೆ ಕಾದಂಬರಿಯ ನಾಯಕನಲ್ಲಿ ಇವರ ನೆರಳಿದೆ. ಅದರ ಸಿನಿಮಾದಲ್ಲಿ ಆ ಪಾತ್ರ ಮಾಡಿದವರು ನಮ್ಮ ಭಟ್ಕಳ ತಾಲೂಕಿನ ಶಿರಾಲಿ ಕಡೆಯ ಅನಂತ ನಾಗ್.

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರಕಾರದ ತಿದ್ದುಪಡಿ ಜಾರಿಯಾಗಿ ಗೇಣಿ ಪದ್ಧತಿಯೇ ರದ್ದಾಯಿತು. ಎರಡೂ ಅವರು ಹೋದ ಮೇಲೆ.

ನನ್ನ ಅಜ್ಜ ಚಾಲಗೇಣಿ ಒಕ್ಕಲು. ಅವರಿಗೆ ಗೋಪಾಲಗೌಡರ ಹೆಸರು ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಯಾರೋ ಬರೆದುಕೊಟ್ಟ 7ನೇ ನಂಬರ್ ಫಾರ್ಮಿಗೆ ಹೆಬ್ಬೆಟ್ಟು ಒತ್ತಿ ಡಿಕ್ಲರೇಶನ್ ಕೊಟ್ಟರು. ಟ್ರಿಬ್ಯೂನಲ್ಲಿನಲ್ಲಿ ವಕೀಲರು ಬರುವ ಹಾಗಿರಲಿಲ್ಲ, ಅಜ್ಜನೇ ನಿಂತು ಉತ್ತರ ಹೇಳಿದರು. 28 ಗುಂಟೆ ಗದ್ದೆ, ಅದರ ಪಕ್ಕದ ಹಿತ್ತಲು ನಮ್ಮದಾಯಿತು. ಆ ಪಹಣಿಯ ಮೇಲೆಯೇ ನಮ್ಮ ಅಪ್ಪ ಸೊಸೈಟಿಯಿಂದ ಮೊದಲ ಬೆಳೆಸಾಲ ತೆಗೆದದ್ದು. ಈ ಸಂಘದ ಸದಸ್ಯರಲ್ಲಿ ಎಷ್ಟೋ ಜನರ ಮನೆಯ ಕತೆ ಇದೇ.

ನಮ್ಮ ನೆರೆಮನೆಯ ಅಜ್ಜ ಫಾರಂ ಕೊಡಲಿಲ್ಲ. ಉಣ್ಣಲು ಕೊಟ್ಟ ಒಡೆಯರ ಎದುರು ಕಚೇರಿಗೆ ಹೋಗುವುದು ಅವರಿಗೆ ಸರಿ ಕಾಣಲಿಲ್ಲ. ಗಡುವು 1979ರವರೆಗೆ ಬೆಳೆಯಿತು, ಆದರೂ ಹೋಗಲಿಲ್ಲ. ಗದ್ದೆ ಇವತ್ತಿಗೂ ಆ ಮನೆಯವರೇ ಮಾಡುತ್ತಾರೆ, ಪಹಣಿಯಲ್ಲಿ ಹೆಸರು ಮಾತ್ರ ಬೇರೆಯವರದ್ದು. ಎರಡು ವರ್ಷದ ಹಿಂದೆ ಅವರ ಮೊಮ್ಮಗ ಬೆಳೆಸಾಲಕ್ಕೆ ಅರ್ಜಿ ಹಾಕಿದ. ಪಹಣಿ ಇಲ್ಲದೆ ಸಾಲ ಕೊಡಲು ನಿಯಮದಲ್ಲಿ ಅವಕಾಶ ಇಲ್ಲ. ಅರ್ಜಿ ತಿರಸ್ಕರಿಸಿದ ಠರಾವಿಗೆ ಉಳಿದ ನಿರ್ದೇಶಕರ ಜೊತೆ ನಾನೂ ಸಹಿ ಹಾಕಿದೆ. ಸಭೆ ಮುಗಿಸಿ ಇಬ್ಬರೂ ಒಂದೇ ದಾರಿಯಲ್ಲಿ ಮನೆಗೆ ಬಂದೆವು, ಗದ್ದೆ ಅಂಚಿನವರೆಗೂ ಅವನು ಏನೂ ಮಾತಾಡಲಿಲ್ಲ.